ಹಿಡಿಯುವವನ ಕೈ

ಪ್ಯಾರಿಸ್ಸಿನಲ್ಲಿ ಸಿರ್ಕ್ ದಿವೇರ್ ಎಂಬ ಸರ್ಕಸ್ ಕಟ್ಟಡವಿದೆ. 1852ರಲ್ಲಿ ಕಟ್ಟಿದ್ದು, ಆಗ ಅದರ ಹೆಸರು ಸಿರ್ಕ್ ನೆಪೋಲಿಯನ್. 1859ರ ನವೆಂಬರ್ 12ರಂದು ಜೂಲ್ ಲಿಯೋತಾರ್ ಎಂಬ ತರುಣ ಅಲ್ಲಿ ಒಂದು ಜೋಕಾಲಿಯಿಂದ ಇನ್ನೊಂದು ಜೋಕಾಲಿಗೆ ಗಾಳಿಯಲ್ಲಿ ಹಾರಿ ತೋರಿಸಿದ. ಫ್ಲೈಯಿಂಗ್ ಟ್ರಪೀಜ್ ಎಂಬ ಆಟದ ಹುಟ್ಟನ್ನು ಆ ದಿನಕ್ಕೆ ಗುರುತಿಸುತ್ತಾರೆ. ಈ ಹುಟ್ಟಿನಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ: ಲಿಯೋತಾರ್ ಒಬ್ಬನೇ ಇದ್ದ. ಆ ಕಡೆಯಿಂದ ಅವನನ್ನು ಹಿಡಿಯುವವರು ಯಾರೂ ಇರಲಿಲ್ಲ. ಒಂದು ಕೋಲು ಮಾತ್ರ ತೂಗುತ್ತಿತ್ತು. ಆ ಕೋಲಿನ ಜಾಗಕ್ಕೆ ಇನ್ನೊಬ್ಬ ಮನುಷ್ಯ ಬಂದು ತಲೆಕೆಳಗಾಗಿ ಜೋತುಬಿದ್ದು ಕೈಚಾಚಿದ್ದು ಆಮೇಲಿನ ಮಾತು.

ಅದೇ ಕಟ್ಟಡದಲ್ಲಿ ಕ್ಯಾರಲ್ ರೀಡ್ ತನ್ನ ‘ಟ್ರಪೀಜ್’ ಸಿನಿಮಾವನ್ನು ಚಿತ್ರೀಕರಿಸಿದ. ಅದು ತೆರೆಕಂಡದ್ದು 1956ರಲ್ಲಿ. ಅಷ್ಟು ಹೊತ್ತಿಗೆ ಈ ಆಟ ಇಬ್ಬರದಾಗಿ ಬಹಳ ಕಾಲವಾಗಿತ್ತು. ಕಥನಗಳಲ್ಲಿ ದುಡಿಯುವ ದೇಹ ಹೇಗೆ ಬರುತ್ತದೆ ಎಂಬುದು ನನ್ನ ಪಿಎಚ್.ಡಿ. ಅಧ್ಯಯನದ ವಿಷಯ. ಅದರ ನೆಪದಲ್ಲಿ ಟ್ರಪೀಜ್ ಕುರಿತ ಕೆಲವು ಕತೆ, ಸಿನಿಮಾಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಆಟ ಇಬ್ಬರದಾಗಿದೆ, ಕತೆ ಮಾತ್ರ ಇನ್ನೂ ಒಬ್ಬನದಾಗಿಯೇ ಉಳಿದಿದೆ ಎಂದು ಅನ್ನಿಸಿತು. ಇಬ್ಬರ ಕತೆ ಹೇಳಲು ಹೊರಟವರಿಗೂ ನಡುವೆ ಮೂರನೆಯವರೊಬ್ಬರು ಬೇಕಾಗುತ್ತಾರೆ. ಇದು ಯಾಕೆ ಹೀಗೆ ಎಂದು ಕೇಳುವುದು ಈ ಬರಹದ ಉದ್ದೇಶ.

ಮೊದಲು ಆಟವನ್ನೇ ಸ್ವಲ್ಪ ನೋಡೋಣ. ಎರಡು ಜೋಕಾಲಿಗಳು ಎದುರುಬದುರಾಗಿ ತೂಗುತ್ತವೆ. ಒಂದು ತುದಿಯ ಎತ್ತರದ ಅಟ್ಟಣಿಗೆಯಿಂದ ಹಾರುವವನು ಕೋಲು ಹಿಡಿದು ಹೊರಡುತ್ತಾನೆ. ಇನ್ನೊಂದು ಜೋಕಾಲಿಯಲ್ಲಿ ಹಿಡಿಯುವವನು ಮೊಣಕಾಲು ಮಡಚಿ, ಹಗ್ಗಕ್ಕೆ ಕಾಲು ಸುತ್ತಿ, ತಲೆಕೆಳಗಾಗಿ ತೂಗುತ್ತಿರುತ್ತಾನೆ. ನಮ್ಮ ಸರ್ಕಸ್ಸಿನವರೂ ಇವರನ್ನು ಫ್ಲೈಯರ್, ಕ್ಯಾಚರ್ ಎಂದೇ ಕರೆಯುತ್ತಾರೆ. ಜೋಕಾಲಿಯ ತೂಗಾಟಕ್ಕೆ ಬೇಕಾಗುವ ಸಮಯ ಅದರಲ್ಲಿರುವ ಮನುಷ್ಯನ ತೂಕಕ್ಕೆ ಬದ್ಧವಾಗಿಲ್ಲ, ಹಗ್ಗದ ಉದ್ದಕ್ಕೆ ಬದ್ಧವಾಗಿದೆ. ಹಗ್ಗ 4 ಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಸ್ಥೂಲವಾಗಿ 4 ಸೆಕೆಂಡು. ಹಾರುವವನು ಹಗುರ ಮೈಯವನು, ಹಿಡಿಯುವವನು ದಪ್ಪ ರಟ್ಟೆಯವನು. ಹಾಗಿದ್ದೂ ಇಬ್ಬರೂ ಒಂದೇ ಲಯಕ್ಕೆ ಒಳಗಾಗಬೇಕು. ಅವಸರ ಮಾಡಿ ಆ ಲಯವನ್ನು ಬದಲಿಸಲಿಕ್ಕೆ ಯಾರಿಂದಲೂ ಆಗದು. ಯಾವ ತೂಗಿಗೆ ಹೊರಡಬೇಕು ಎನ್ನುವುದೊಂದೇ ಅವರ ಕೈಯಲ್ಲಿರುವ ಆಯ್ಕೆ. ಹಲವು ತಂಡಗಳಲ್ಲಿ ಆ ಕೂಗು ಹಿಡಿಯುವವನದು.

ಹಾರುವವನು ಕೋಲು ಬಿಟ್ಟು, ಲಾಗ ಹಾಕಿ, ಕೈಚಾಚುತ್ತಾನೆ. ಇಲ್ಲಿ ಒಂದು ಕಟ್ಟುನಿಟ್ಟಿನ ಶಿಸ್ತಿದೆ. ಅವನು ಎದುರಿನ ಕೈಗಾಗಿ ತಡಕಾಡಬಾರದು. ಗಾಬರಿಯಿಂದ ಬಾಚಿಕೊಳ್ಳಲು ಹೋದರೆ ಇಬ್ಬರ ಮಣಿಕಟ್ಟಿಗೂ ಅಪಾಯ. ಕೈಯನ್ನು ಒಡ್ಡಿ ಸುಮ್ಮನಿರಬೇಕು. ಆ ಕೈಯನ್ನು ಹುಡುಕಿ ಮಣಿಕಟ್ಟಿನ ಹತ್ತಿರ ಹಿಡಿಯುವುದು ಇನ್ನೊಬ್ಬನ ಕೆಲಸ. ಹಿಡಿದಲ್ಲಿಗೆ ಮುಗಿಯಲೂ ಇಲ್ಲ. ಅದೇ ತೂಗಿನಲ್ಲಿ ಅವನನ್ನು ತಿರುಗಿಸಿ, ಮರಳಿ ಬರುತ್ತಿರುವ ಅವನ ಕೋಲಿನ ಕಡೆಗೆ ಬಿಟ್ಟುಕೊಡಬೇಕು. ಕನ್ನಡದಲ್ಲಿ ‘ಕೈಕೊಟ್ಟ’ ಎಂದರೆ ಮೋಸಮಾಡಿದ, ‘ಕೈಬಿಟ್ಟ’ ಎಂದರೆ ತೊರೆದುಹೋದ. ಟ್ರಪೀಜಿನ ಮೇಲೆ ಈ ಎರಡು ಮಾತಿಗೂ ಅರ್ಥ ಮಗುಚಿಕೊಳ್ಳುತ್ತದೆ. ಕೈಕೊಡುವುದು ಹಾರುವವನ ಧರ್ಮ, ಸರಿಯಾದ ಹೊತ್ತಿಗೆ ಕೈಬಿಡುವುದು ಹಿಡಿಯುವವನ ಧರ್ಮ. ಇಷ್ಟು ಸೂಕ್ಷ್ಮವಾದ ಕೊಡುಕೊಳ್ಳುವಿಕೆಯನ್ನು ನಮ್ಮ ಕತೆಗಳು ಏನು ಮಾಡಿವೆ?

ಮೊದಲಿಗೆ ‘ಟ್ರಪೀಜ್’. ಮ್ಯಾಕ್ಸ್ ಕ್ಯಾಟೊನ ಕಾದಂಬರಿಯೊಂದನ್ನು ಆಧರಿಸಿದ ಸಿನಿಮಾ ಇದು. ಮೈಕ್ ರಿಬಲ್ (ಬರ್ಟ್ ಲ್ಯಾಂಕಾಸ್ಟರ್) ಒಂದು ಕಾಲಕ್ಕೆ ದೊಡ್ಡ ಹಾರಾಟಗಾರ. ಗಾಳಿಯಲ್ಲಿ ಮೂರು ಲಾಗ ಹಾಕುವ ಸಾಹಸದಲ್ಲಿ ಬಿದ್ದು ಕುಂಟನಾಗಿದ್ದಾನೆ. ಆ ಮೂರು ಲಾಗವನ್ನು ಕಲಿಯಲೆಂದೇ ಟೀನೋ (ಟೋನಿ ಕರ್ಟಿಸ್) ಅಮೆರಿಕದಿಂದ ಅವನನ್ನು ಹುಡುಕಿಕೊಂಡು ಬರುತ್ತಾನೆ. ಮೊದಲು ಒಲ್ಲೆನೆಂದ ಮೈಕ್ ಆಮೇಲೆ ಅವನಿಗೆ ಗುರುವಾಗುತ್ತಾನೆ, ಅವನನ್ನು ಹಿಡಿಯುವವನೂ ಆಗುತ್ತಾನೆ. ಆಗ ಲೋಲಾ (ಜೀನಾ ಲೊಲ್ಲೊಬ್ರಿಜಿಡಾ) ಬರುತ್ತಾಳೆ. ಅವಳಿಗೆ ದೊಡ್ಡ ಆಟದಲ್ಲಿ ಜಾಗ ಬೇಕು. ಇಬ್ಬರ ನಡುವೆ ಬಿರುಕು ಬೀಳುತ್ತದೆ. ಕೊನೆಗೆ ಟೀನೋ ಮೂರು ಲಾಗ ಹಾಕುತ್ತಾನೆ, ಮೈಕ್ ಹಿಡಿಯುತ್ತಾನೆ. ಜಯಘೋಷದ ನಡುವೆ ಮೈಕ್ ಅಲ್ಲಿಂದ ಹೊರಟುಹೋಗುತ್ತಾನೆ, ಲೋಲಾ ಅವನ ಹಿಂದೆ.

ಈ ಸಿನಿಮಾದ ಬಗ್ಗೆ ನನಗೆ ಗೌರವವಿದೆ. ದೇಹದ ಕೆಲಸವನ್ನು ಇಷ್ಟು ಪ್ರೀತಿಯಿಂದ ತೋರಿಸಿದ ಸಿನಿಮಾಗಳು ಕಡಿಮೆ. ಲ್ಯಾಂಕಾಸ್ಟರ್ ಸಿನಿಮಾಕ್ಕೆ ಬರುವ ಮೊದಲು ಸರ್ಕಸ್ಸಿನಲ್ಲಿದ್ದವನು. ಅವನು ಹಗ್ಗ ಮುಟ್ಟುವ ರೀತಿಯಲ್ಲೇ ಅದು ಗೊತ್ತಾಗುತ್ತದೆ. ಆದರೆ ಸಿನಿಮಾ ಹಿಡಿಯುವವನನ್ನು ಹೇಗೆ ಕಲ್ಪಿಸಿಕೊಂಡಿದೆ ನೋಡಿ. ಮೈಕ್ ಹಿಡಿಯುವವನಾದದ್ದು ಹಾರಲಾರದೆ. ಹಿಡಿಯುವುದು ಅವನ ಸೋಲಿನ ಉಳಿಕೆ, ಕಳೆದುಕೊಂಡದ್ದಕ್ಕೆ ಒಂದು ಪರಿಹಾರ. ಅವನ ಹಿರಿಮೆಯೆಲ್ಲ ಅವನು ಹಿಂದೆ ಹಾರಿದ್ದರಲ್ಲಿದೆ. ವಾಸ್ತವದಲ್ಲಿ ಹಿಡಿಯುವುದು ಬೇರೆಯದೇ ವಿದ್ಯೆ. ಅದಕ್ಕೆ ಬೇಕಾದ ದೇಹ, ಕಣ್ಣು, ತಾಳ್ಮೆ ಬೇರೆ. ಅದನ್ನು ಹಾರಾಟದ ಮಾಜಿ ವೀರನೊಬ್ಬನ ದುಃಖವಾಗಿ ತೋರಿಸಿದ ಕೂಡಲೇ ಆ ವಿದ್ಯೆ ಪರದೆಯಿಂದ ಮಾಯವಾಗುತ್ತದೆ.

ಲೋಲಾಳ ಪಾತ್ರದ್ದು ಇನ್ನೊಂದು ತೊಡಕು. ಟೀನೋಗೂ ಮಹತ್ವಾಕಾಂಕ್ಷೆಯಿದೆ, ಲೋಲಾಳಿಗೂ ಇದೆ. ಅವನದು ಛಲ ಎನಿಸಿಕೊಳ್ಳುತ್ತದೆ, ಅವಳದು ಸಂಚು ಎನಿಸಿಕೊಳ್ಳುತ್ತದೆ. ‘ಇಬ್ಬರು ಗಂಡಸರು ಚೆನ್ನಾಗಿ ಕೆಲಸ ಮಾಡುತ್ತಿದ್ದರು, ಹೆಣ್ಣೊಬ್ಬಳು ಬಂದಳು, ಕೆಲಸ ಕೆಟ್ಟಿತು’ ಎಂಬ ಹಳೆಯ ಪಾಠಕ್ಕೆ ಅವಳು ಒದಗಿಬರುತ್ತಾಳೆ. ಸಿನಿಮಾ ಬರುವುದಕ್ಕೆ ಸುಮಾರು ಎರಡು ದಶಕ ಮೊದಲೇ ಆಂಟ್ವನೆಟ್ ಕಾನ್ಸೆಲ್ಲೊ ಎಂಬ ಕಲಾವಿದೆ ಅದೇ ಮೂರು ಲಾಗವನ್ನು ಹಾಕಿದ್ದಳು. ಈ ಆಟದಲ್ಲಿ ಹೆಂಗಸರು ನಡುವೆ ನುಗ್ಗಿದವರಲ್ಲ, ಹಗ್ಗ ಹಿಡಿದು ಹಾರಿದವರು. ಸಿನಿಮಾಕ್ಕೆ ಆ ಚರಿತ್ರೆ ಬೇಕಾಗಲಿಲ್ಲ, ತ್ರಿಕೋನ ಬೇಕಾಯಿತು.

ಈ ತ್ರಿಕೋನ ಹೊಸದೇನೂ ಅಲ್ಲ. ಲಿಯೋತಾರನನ್ನು ನೆನೆದು 1867ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಜನಪ್ರಿಯ ಹಾಡೊಂದರಲ್ಲೇ ಇದು ಶುರುವಾಗುತ್ತದೆ. ಹಾರುವ ಚೆಲುವ ಹಾಡುವವನ ಪ್ರೇಯಸಿಯನ್ನು ಕರೆದೊಯ್ಯುತ್ತಾನೆ. ಅಂದರೆ ಆಟ ಹುಟ್ಟಿ ಹತ್ತು ವರ್ಷ ಕಳೆಯುವುದರೊಳಗೆ ಅದರ ಮೇಲೆ ಮತ್ಸರದ ಕತೆ ಬಂದು ಕೂತಿತ್ತು. ಆಮೇಲೆ ಬಂದವರು ಅದನ್ನೇ ಮುಂದುವರಿಸಿದರು.

ಮುಂದುವರಿಸಿದವರಲ್ಲಿ ಎಲ್ಲರಿಗಿಂತ ಆಳಕ್ಕೆ ಹೋದದ್ದು 1925ರ ಜರ್ಮನ್ ಮೂಕಿಚಿತ್ರ ‘ವರೈಟಿ’. ನಿರ್ದೇಶನ ಇ. ಎ. ಡ್ಯೂಪಾಂಟ್, ಕ್ಯಾಮೆರಾ ಕಾರ್ಲ್ ಫ್ರಾಯ್ಂಡ್. ಕ್ಯಾಮೆರಾವೇ ಜೋಕಾಲಿಯ ಮೇಲೆ ಕೂತು ತೂಗುವ ದೃಶ್ಯಗಳಿಗಾಗಿ ಸಿನಿಮಾ ವಿದ್ಯಾರ್ಥಿಗಳು ಇಂದಿಗೂ ಇದನ್ನು ನೋಡುತ್ತಾರೆ. ಕತೆ ಸರಳ. ಬಾಸ್ ಹುಲ್ಲರ್ (ಎಮಿಲ್ ಯಾನಿಂಗ್ಸ್) ಹಿಡಿಯುವವನು. ತಾನು ಮನೆಮಠ ಬಿಟ್ಟು ಕರೆತಂದ ಹುಡುಗಿಯೊಡನೆ ಹೆಸರಾಂತ ಹಾರಾಟಗಾರ ಆರ್ಟಿನೆಲ್ಲಿಯ ಜೊತೆ ಸೇರುತ್ತಾನೆ. ಬರ್ಲಿನ್ನಿನಲ್ಲಿ ಮೂವರ ಆಟ ಗೆಲ್ಲುತ್ತದೆ. ಆರ್ಟಿನೆಲ್ಲಿ ಆ ಹುಡುಗಿಯನ್ನು ತನ್ನವಳನ್ನಾಗಿ ಮಾಡಿಕೊಳ್ಳುತ್ತಾನೆ. ಹುಲ್ಲರನಿಗೆ ಅದು ಗೊತ್ತಾಗುತ್ತದೆ. ಆಮೇಲೂ ಪ್ರತಿ ಸಂಜೆ ಆ ಮನುಷ್ಯ ಗಾಳಿಯಲ್ಲಿ ಹಾರಿ ಬಂದು ಇವನ ಕೈಗೆ ಕೈಕೊಡಬೇಕು.

ಯಾವ ಕತೆಗಾರನಿಗೂ ಇದಕ್ಕಿಂತ ದೊಡ್ಡ ಆಮಿಷ ಸಿಗಲಾರದು. ಕೈ ಸಡಿಲಬಿಟ್ಟರೆ ಸಾಕು. ಕೊಲೆಯೂ ಆಯಿತು, ಸಾಕ್ಷಿಯೂ ಇಲ್ಲ. ಹುಲ್ಲರ್ ಅದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತಾನೆ, ನಾವು ಅದನ್ನು ನೋಡುತ್ತೇವೆ. ಆದರೆ ಆಟದ ಹೊತ್ತಿಗೆ ಅವನು ಹಿಡಿಯುತ್ತಾನೆ. ಆಮೇಲೆ ಕೋಣೆಯಲ್ಲಿ, ನೆಲದ ಮೇಲೆ ನಿಂತು, ಎದುರಾಳಿಯನ್ನು ಚೂರಿ ಕಾಳಗಕ್ಕೆ ಕರೆದು ಕೊಲ್ಲುತ್ತಾನೆ. ತಾನಾಗಿ ಹೋಗಿ ಶರಣಾಗುತ್ತಾನೆ.

ಈ ಸಿನಿಮಾವನ್ನು ಮತ್ಸರದ ಕತೆಯೆಂದು ಓದುವುದು ವಾಡಿಕೆ. ನನಗೆ ಅದರ ತಿರುಳು ಅವನು ಹಿಡಿದದ್ದರಲ್ಲಿ ಕಾಣುತ್ತದೆ. ಕೊಲ್ಲಲು ನಿಶ್ಚಯಿಸಿದ ಮನುಷ್ಯನ ಕೈ ಕೂಡ ಜೋಕಾಲಿಯ ಮೇಲೆ ಕೊಲ್ಲಲು ಒಪ್ಪಲಿಲ್ಲ. ಯಾಕೆ? ಹುಲ್ಲರ್ ಒಳ್ಳೆಯವನೆಂದಲ್ಲ, ಅವನು ಒಳ್ಳೆಯವನೇನೂ ಅಲ್ಲ. ವರ್ಷಗಟ್ಟಲೆ ಹಿಡಿದು ಹಿಡಿದು ಆ ಕೈಗೆ ಒಂದು ನಡತೆ ಬಂದಿದೆ. ಅದು ಅವನ ಮನಸ್ಸಿಗಿಂತ ಹಳೆಯದು, ಅದಕ್ಕಿಂತ ಗಟ್ಟಿಯದು. ಕಸುಬು ಮನುಷ್ಯನನ್ನು ಉದ್ಧಾರ ಮಾಡುತ್ತದೆಂದು ಸಿನಿಮಾ ಹೇಳುವುದಿಲ್ಲ. ಕಸುಬಿನ ಹೊತ್ತಿನಲ್ಲಿ ಮಾತ್ರ ಅವನು ತನ್ನ ದ್ವೇಷಕ್ಕಿಂತ ದೊಡ್ಡವನಾಗಿದ್ದ ಎಂದು ತೋರಿಸುತ್ತದೆ. ಮೂರನೆಯವರನ್ನು ತಂದು ಇಬ್ಬರ ಸಂಬಂಧವನ್ನು ಮುಚ್ಚಿಹಾಕುವ ಕಥಾವಸ್ತುವೇ ಇಲ್ಲಿ ಆ ಸಂಬಂಧದ ಗಟ್ಟಿತನವನ್ನು ತೂಗಿ ನೋಡುವ ತಕ್ಕಡಿಯೂ ಆಗಿದೆ. ಡ್ಯೂಪಾಂಟನ ಸಿನಿಮಾ ರೀಡನದಕ್ಕಿಂತ ದೊಡ್ಡದೆಂದು ನನಗೆ ಅನ್ನಿಸುವುದು ಇದಕ್ಕೇ.

ಇದೇ ಕಾಲದಲ್ಲಿ ಕಾಫ್ಕಾ ಈ ವಸ್ತುವನ್ನು ಬೇರೆಯೇ ಕಡೆಯಿಂದ ಮುಟ್ಟಿದ. 1924ರಲ್ಲಿ, ಅವನು ತೀರಿಕೊಂಡ ವರ್ಷವೇ, ಪ್ರಕಟವಾದ ‘ಉಪವಾಸದ ಕಲಾವಿದ’ ಸಂಕಲನದಲ್ಲಿ ‘ಮೊದಲ ದುಃಖ’ ಎಂಬ ಪುಟ್ಟ ಕತೆಯಿದೆ. ಅದರ ಟ್ರಪೀಜ್ ಕಲಾವಿದ ಹಗಲೂ ರಾತ್ರಿ ಜೋಕಾಲಿಯ ಮೇಲೆಯೇ ಬದುಕುತ್ತಾನೆ. ಊಟ, ನೀರು ಎಲ್ಲವೂ ಕೆಳಗಿನಿಂದ ಮೇಲೆ ಹೋಗುತ್ತದೆ. ಊರಿಂದ ಊರಿಗೆ ಹೋಗುವುದೇ ಅವನಿಗೆ ಸಂಕಟ. ರೈಲಿನಲ್ಲಿ ಸಾಮಾನಿಡುವ ಜಾಲರಿಯ ಮೇಲೆ ಮಲಗುತ್ತಾನೆ. ಒಮ್ಮೆ ಹಾಗೆ ಹೋಗುವಾಗ ತನಗೆ ಇನ್ನು ಮುಂದೆ ಒಂದು ಜೋಕಾಲಿ ಸಾಲದು, ಎದುರುಬದುರಾಗಿ ಎರಡು ಬೇಕು ಎಂದು ಯಜಮಾನನಿಗೆ ಹೇಳಿ ಅತ್ತುಬಿಡುತ್ತಾನೆ. ಯಜಮಾನ ಒಪ್ಪುತ್ತಾನೆ. ಆದರೆ ಇಂಥ ಯೋಚನೆ ಒಮ್ಮೆ ಶುರುವಾದರೆ ನಿಲ್ಲುತ್ತದೆಯೇ ಎಂಬ ಭಯ ಅವನನ್ನು ಹಿಡಿಯುತ್ತದೆ. ಮಲಗಿದ ಕಲಾವಿದನ ಮಗುವಿನಂಥ ಹಣೆಯ ಮೇಲೆ ಮೊದಲ ಸುಕ್ಕುಗಳು ಕಾಣಿಸುತ್ತವೆ.

ಇದನ್ನು ಕಲೆಯ ಪರಿಪೂರ್ಣತೆಗಾಗಿ ಬದುಕನ್ನೇ ತೆತ್ತವನ ಕತೆಯೆಂದು ಓದುತ್ತಾರೆ. ಅದು ಸರಿಯೇ. ಟ್ರಪೀಜಿನ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡರೆ ಇನ್ನೊಂದು ಅರ್ಥವೂ ಕಾಣುತ್ತದೆ. ಎದುರುಬದುರು ತೂಗುವ ಎರಡು ಜೋಕಾಲಿ ಎಂದರೆ ಫ್ಲೈಯಿಂಗ್ ಟ್ರಪೀಜಿನ ಪೂರ್ಣ ಸಜ್ಜು. ಆ ಸಜ್ಜಿನಲ್ಲಿ ಎರಡನೆಯದು ಇನ್ನೊಬ್ಬ ಮನುಷ್ಯನ ಜಾಗ. ಕಾಫ್ಕಾನ ಕಲಾವಿದ ಎರಡನೇ ಕೋಲನ್ನು ಬೇಡುತ್ತಾನೆ. ಎರಡನೇ ಮನುಷ್ಯನನ್ನು ಬೇಡಲು ಅವನಿಗೆ ತೋಚುವುದೇ ಇಲ್ಲ. ತನ್ನ ಒಂಟಿತನಕ್ಕೆ ಅವನು ಕೇಳುವ ಮದ್ದು ಕೂಡ ಒಂದು ಸಲಕರಣೆ. ಅವನು ಲಿಯೋತಾರನ ಕಾಲದಲ್ಲೇ ಉಳಿದವನು. ಇದು ಕಾಫ್ಕಾನ ಕೊರತೆಯೆಂದು ನಾನು ಹೇಳುತ್ತಿಲ್ಲ. ಕಲಾವಿದನೆಂದರೆ ಒಂಟಿ ಎಂದು ನಂಬಿದ ಒಂದು ಇಡೀ ಯುಗದ ದುಃಖವನ್ನು ಅವನು ನಾಲ್ಕಾರು ಪುಟಗಳಲ್ಲಿ ಹಿಡಿದಿಟ್ಟಿದ್ದಾನೆ.

ಹಿಡಿಯುವವನನ್ನೇ ಕಣ್ತುಂಬ ನೋಡಿದ ಬರಹಗಾರರೇ ಇಲ್ಲವೇ? ಒಬ್ಬರಿದ್ದಾರೆ. ಡಚ್ ಪಾದ್ರಿ, ಲೇಖಕ ಹೆನ್ರಿ ನೌವೆನ್. 1991ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ‘ಫ್ಲೈಯಿಂಗ್ ರಾಡ್ಲೀಸ್’ ಎಂಬ ತಂಡದ ಆಟ ನೋಡಿ ಬೆರಗಾದ ಅವರು ಆ ತಂಡದ ಜೊತೆ ಸ್ನೇಹ ಬೆಳೆಸಿ, ಓಡಾಡಿ, ಟಿಪ್ಪಣಿ ಮಾಡಿಕೊಂಡರು. ಜನ ತನ್ನನ್ನು ದೊಡ್ಡವನೆಂದುಕೊಳ್ಳುತ್ತಾರೆ, ನಿಜವಾದ ಕೆಲಸವೆಲ್ಲ ಹಿಡಿಯುವವನದು ಎಂಬರ್ಥದ ಮಾತನ್ನು ತಂಡದ ಹಾರಾಟಗಾರನೇ ಅವರಿಗೆ ಹೇಳಿದ. ನೌವೆನ್ ಆ ಮಾತನ್ನು ಸಾವಿನ ಕುರಿತ ತಮ್ಮ ಚಿಂತನೆಗೆ ತಂದರು. ಸಾಯುವವನು ಹಾರುವವನಂತೆ, ಹಿಡಿಯುವವನು ದೇವರು, ಕೈಚಾಚಿ ನಂಬು ಎಂದರು. ಸಾವಿನ ಹತ್ತಿರ ಇರುವವರಿಗೆ ಈ ರೂಪಕ ಕೊಡುವ ಸಮಾಧಾನವನ್ನು ನಾನು ಹಗುರವಾಗಿ ನೋಡಲಾರೆ. ವಿಮರ್ಶೆಯ ದೃಷ್ಟಿಯಿಂದ ಮಾತ್ರ ಒಂದು ಮಾತು ಹೇಳಬೇಕು. ಹಿಡಿಯುವವನು ದೇವರಾದ ಕೂಡಲೇ ಅವನ ಮಂಡಿಯ ನೋವು, ಅಂಗೈಯ ಬೆವರು, ತಪ್ಪಬಹುದೆಂಬ ಅಳುಕು ಎಲ್ಲವೂ ಹೋಯಿತು. ದೇವರು ತಪ್ಪುವುದಿಲ್ಲ. ತಪ್ಪಬಹುದಾದ ಮನುಷ್ಯ ದಿನವೂ ತಪ್ಪದೆ ಹಿಡಿಯುವುದೇ ಈ ಆಟದ ಬೆರಗು. ಕೆಳಗೆ ಬಲೆ ಕಟ್ಟಿರುವುದು ಅದಕ್ಕೇ.

ಕತೆಗಳ ಈ ಒಲವು ಚರಿತ್ರೆಗೂ ಅಂಟಿಕೊಂಡಿದೆ. 1920ರ ದಶಕದಲ್ಲಿ ಮೂರು ಲಾಗವನ್ನು ಪ್ರತಿ ಪ್ರದರ್ಶನದ ಮಾತಾಗಿಸಿದ ಆಲ್ಫ್ರೆಡೊ ಕೊಡೋನಾನ ಹೆಸರು ಸರ್ಕಸ್ ಬಲ್ಲವರೆಲ್ಲರಿಗೂ ಗೊತ್ತು. ಅವನ ಮಡದಿ, ಕಲಾವಿದೆ ಲಿಲಿಯನ್ ಲೈಟ್‌ಜೆಲ್ 1931ರಲ್ಲಿ ಕೋಪನ್‌ಹೇಗನ್ನಿನಲ್ಲಿ ಆಟದ ನಡುವೆ ಬಿದ್ದು ತೀರಿಕೊಂಡದ್ದು, ಅವನ ಭುಜಕ್ಕೆ ಪೆಟ್ಟಾಗಿ ಹಾರಾಟ ನಿಂತದ್ದು, 1937ರಲ್ಲಿ ಅವನು ತನ್ನಿಂದ ಬೇರೆಯಾಗುತ್ತಿದ್ದ ಮೂರನೇ ಹೆಂಡತಿಯನ್ನು ಕೊಂದು ತಾನೂ ಸತ್ತದ್ದು, ಇದೆಲ್ಲ ಮತ್ತೆ ಮತ್ತೆ ಬರೆಯಲ್ಪಟ್ಟಿದೆ. ಆ ಲಾಗಗಳನ್ನೆಲ್ಲ ಎದುರಿನಿಂದ ಹಿಡಿದವನು ಅವನ ಸ್ವಂತ ತಮ್ಮ ಲಾಲೊ. ಅವನ ಬಾಳಿನಲ್ಲಿ ಕತೆಗೆ ಒದಗುವ ದುರಂತವಿರಲಿಲ್ಲ. ಕೆಲಸವನ್ನು ಚೆನ್ನಾಗಿ ಮಾಡಿದ ಅಷ್ಟೆ. ಕತೆ ಅವನನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ. 1982ರ ಜುಲೈ 10ರಂದು ಅಮೆರಿಕದ ಟುಸಾನಿನಲ್ಲಿ ಮಿಗೆಲ್ ವಾಸ್ಕೆಸ್ ಮೊದಲ ಬಾರಿಗೆ ಪ್ರದರ್ಶನದಲ್ಲಿ ನಾಲ್ಕು ಲಾಗ ಹಾಕಿದಾಗ ಹಿಡಿದದ್ದು ಅವನ ಅಣ್ಣ ಹ್ವಾನ್. ಆ ಲಾಗ ‘ಮಿಗೆಲನ ಲಾಗ’ವಾಗಿಯೇ ನೆನಪಿನಲ್ಲಿ ನಿಂತಿದೆ. ಹಿಡಿಯದಿದ್ದರೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ ಎಂಬುದು ನೆನಪಿರಬೇಕು. ಬಲೆಗೆ ಬಿದ್ದ ನಾಲ್ಕು ಲಾಗ ಅಭ್ಯಾಸ, ಹಿಡಿದ ನಾಲ್ಕು ಲಾಗ ದಾಖಲೆ.

ಒಂದು ವಿಚಾರಸಂಕಿರಣದಲ್ಲಿ ಈ ವಾದವನ್ನು ಮಂಡಿಸಿದಾಗ ಹಿರಿಯರೊಬ್ಬರು ಕೇಳಿದರು: ‘ಇಬ್ಬರು ಸೇರಿ ಚೆನ್ನಾಗಿ ಕೆಲಸ ಮಾಡಿದರು ಅಂದರೆ ಅದರಲ್ಲಿ ಕತೆ ಎಲ್ಲಿ ಬಂತಮ್ಮ? ಸಂಘರ್ಷ ಬೇಡವೇ?’ ಪ್ರಶ್ನೆ ನ್ಯಾಯವಾದದ್ದೇ. ಸಂಘರ್ಷವಿಲ್ಲದ ಕತೆ ಜೋಲುತ್ತದೆ. ಆದರೆ ಸಂಘರ್ಷವೆಂದರೆ ದ್ರೋಹವೇ ಆಗಬೇಕೆಂದು ಯಾರು ಹೇಳಿದರು? ಒಂದೇ ಲಯಕ್ಕೆ ಎರಡು ದೇಹಗಳನ್ನು ಒಗ್ಗಿಸುವುದು, ನಂಬುವುದನ್ನು ಅಭ್ಯಾಸದಿಂದ ಕಲಿಯುವುದು, ಇನ್ನೊಬ್ಬನ ತಪ್ಪಿಗೆ ತನ್ನ ಭುಜ ಕೊಡುವುದು, ಚಪ್ಪಾಳೆ ಅವನಿಗೆ ಹೋಗುವುದನ್ನು ತಲೆಕೆಳಗಾಗಿ ನೋಡುವುದು, ಇವೆಲ್ಲದರಲ್ಲಿ ಸಂಘರ್ಷ ತುಂಬಿ ತುಳುಕುತ್ತಿದೆ. ಮೂರನೆಯವರನ್ನು ತರುವುದು ಈ ಕಷ್ಟದ ಬರವಣಿಗೆಯನ್ನು ತಪ್ಪಿಸಿಕೊಳ್ಳುವ ಸುಲಭದ ದಾರಿ. ಬೀಳುವುದನ್ನು ಬರೆಯುವುದು ಇನ್ನೂ ಸುಲಭ. ನಮ್ಮ ಹಿಂದಿಯ ‘ಮೇರಾ ನಾಮ್ ಜೋಕರ್’ (1970) ಸರ್ಕಸ್ಸಿನ ಬಗ್ಗೆ ಅಷ್ಟು ಪ್ರೀತಿಯಿಟ್ಟುಕೊಂಡ ಸಿನಿಮಾ; ಅದರಲ್ಲೂ ಟ್ರಪೀಜ್ ಎಂದರೆ ನಾಯಕನ ತಂದೆ ಬಿದ್ದು ಸತ್ತ ಜಾಗ.

ಕನ್ನಡದ ಓದುಗರಿಗೆ ಈ ಮಾತು ದೂರದ್ದೆಂದು ಅನ್ನಿಸಬೇಕಿಲ್ಲ. ನಮ್ಮಲ್ಲಿ ಇದಕ್ಕೆ ಶಬ್ದವೇ ಇದೆ. ಯಕ್ಷಗಾನ ಮುಮ್ಮೇಳ, ಹಿಮ್ಮೇಳ ಎಂದು ವಿಭಾಗ ಮಾಡಿಕೊಂಡಿದೆ. ಕುಣಿಯುವವನ ಹೆಜ್ಜೆಯನ್ನು ಚೆಂಡೆ, ಮದ್ದಳೆಯವರು ಹಿಡಿದುಕೊಳ್ಳಬೇಕು. ಯಾವಾಗ ಎತ್ತಬೇಕು, ಯಾವಾಗ ಬಿಡಬೇಕು ಎಂಬುದು ಭಾಗವತರ ಕೈಯಲ್ಲಿದೆ. ಭಾಗವತರೇ ಮೊದಲ ವೇಷ ಎಂಬ ಮಾತು ಮೇಳಗಳಲ್ಲಿ ಚಾಲ್ತಿಯಲ್ಲಿರುವುದು ಸುಮ್ಮನೆ ಅಲ್ಲ. ವೇಷವಿಲ್ಲದೆ ಹಿಂದೆ ಕೂತವರಿಗೆ ಮೊದಲ ವೇಷದ ಪಟ್ಟ ಕಟ್ಟಿದ ಆ ಕಲೆ, ಟ್ರಪೀಜಿನ ಕತೆಗಳು ಮರೆತದ್ದನ್ನು ನೆನಪಿನಲ್ಲಿಟ್ಟುಕೊಂಡಿದೆ. ವಿಮರ್ಶಕರಾದ ನಾವು ಮಾತ್ರ ಪ್ರತಿಭೆ ಎಂದಾಗ ಹಾರಿದವರನ್ನೇ ನೋಡುತ್ತೇವೆ. ಕವಿಯ ಬಗ್ಗೆ ನೂರು ಪುಟ ಬರೆಯುತ್ತೇವೆ. ಆ ಕವಿಯನ್ನು ಇನ್ನೊಂದು ಭಾಷೆಯಲ್ಲಿ ಹಿಡಿದ ಅನುವಾದಕರಿಗೆ, ಹಸ್ತಪ್ರತಿ ತಿದ್ದಿದವರಿಗೆ ಒಂದು ಅಡಿಟಿಪ್ಪಣಿ ಕೊಟ್ಟು ಕೈತೊಳೆದುಕೊಳ್ಳುತ್ತೇವೆ.

ಕೊನೆಯದಾಗಿ ಒಂದು ನಿಜವಾದ ಜೋಡಿಯ ಮಾತು. ಬರ್ಟ್ ಲ್ಯಾಂಕಾಸ್ಟರ್ 1930ರ ದಶಕದಲ್ಲಿ ಸರ್ಕಸ್ಸು ಸೇರಿದ್ದು ಬಾಲ್ಯದ ಗೆಳೆಯ ನಿಕ್ ಕ್ರವಾಟನ ಜೊತೆ. ‘ಲ್ಯಾಂಗ್ ಮತ್ತು ಕ್ರವಾಟ್’ ಎಂಬ ಹೆಸರಿನಲ್ಲಿ ಇಬ್ಬರೂ ಒಂದೇ ಬಾರಿನ ಮೇಲೆ ಆಡಿದರು. ಕೈಗಾದ ಗಾಯದಿಂದ ಲ್ಯಾಂಕಾಸ್ಟರ್ ಸರ್ಕಸ್ಸು ಬಿಟ್ಟ, ಸಿನಿಮಾಕ್ಕೆ ಹೋಗಿ ದೊಡ್ಡ ತಾರೆಯಾದ. ಗೆಳೆಯನನ್ನು ಬಿಡಲಿಲ್ಲ, ‘ದಿ ಫ್ಲೇಮ್ ಅಂಡ್ ದಿ ಆ್ಯರೋ’ (1950), ‘ದಿ ಕ್ರಿಮ್ಸನ್ ಪೈರೇಟ್’ (1952) ಮುಂತಾದ ಸಿನಿಮಾಗಳಲ್ಲಿ ಇಬ್ಬರೂ ಸೇರಿ ಹಾರುತ್ತಾರೆ, ಜಿಗಿಯುತ್ತಾರೆ. ಈ ಎರಡರಲ್ಲೂ ಕ್ರವಾಟನದು ಮಾತು ಬಾರದವನ ಪಾತ್ರ. ಇಬ್ಬರೂ ತೀರಿಕೊಂಡದ್ದು 1994ರಲ್ಲಿ. ಈ ಸ್ನೇಹದಲ್ಲಿ ತ್ರಿಕೋನವಿಲ್ಲ, ಚೂರಿಯಿಲ್ಲ, ಬೀಳುವುದೂ ಇಲ್ಲ. ‘ಟ್ರಪೀಜ್’ ಸಿನಿಮಾಕ್ಕೆ ಬೇಕಾಗಿದ್ದ ಕತೆ ಅದರ ನಾಯಕನಟನ ಬಾಳಿನಲ್ಲೇ ಇತ್ತು. ಅದರಲ್ಲಿ ಕತೆಯಿದೆಯೆಂದು ಯಾರಿಗೂ ಅನ್ನಿಸಲಿಲ್ಲ.

‘ಟ್ರಪೀಜ್’ ಮತ್ತು ‘ವರೈಟಿ’ಗಳನ್ನು ನೋಡುವವರಲ್ಲಿ ನನ್ನದೊಂದು ಕೋರಿಕೆ. ಹಾರುವವನು ಕೋಲು ಬಿಟ್ಟ ಕ್ಷಣದಿಂದ ಕಣ್ಣನ್ನು ಆ ಕಡೆಯ ಜೋಕಾಲಿಯ ಮೇಲಿಡಿ. ಅಲ್ಲಿ ತಲೆಕೆಳಗಾದ ಒಂದು ಮುಖ, ಬರಿದಾದ ಎರಡು ಕೈ. ಅವನಿಗೆ ಲಾಗಗಳ ಲೆಕ್ಕ ಬೇಕಿಲ್ಲ. ಬರುತ್ತಿರುವ ಮಣಿಕಟ್ಟುಗಳನ್ನಷ್ಟೇ ಅವನು ನೋಡುತ್ತಿದ್ದಾನೆ.